ಅತ್ತೆಯ ಸಿಂಥಸೈಜರಿನ ಮಳೆ

ಮಾರ್ಚ್ 3, ಬೆಳಿಗ್ಗೆ 7

ಮತ್ತೆ ಅದೇ. ಐದು ಸಲ ಕೀ ಒತ್ತಿದರೆ ಸರಿಯಾದ ಸ್ವರ, ಆರನೆಯದು ಅಪಸ್ವರ. ಯಾವ ಕೀ ಒತ್ತಿದರೂ ಅಷ್ಟೇ. ಅಂದರೆ ಕೀಗಳದ್ದು ತಪ್ಪಲ್ಲ. ಒಳಗೆ ಸ್ವರ ಹುಟ್ಟಿಸುವ ಬೋರ್ಡುಗಳು ಆರು, ಸರದಿಯಂತೆ ದುಡಿಯುತ್ತವೆ. ಆರನೆಯದು ಕೈಕೊಟ್ಟಿದೆ. ತೂಕದ ಯಂತ್ರ ರಿಪೇರಿ ಮಾಡುವವಳ ಮೇಜಿನ ಮೇಲೆ ನಲವತ್ತು ವರ್ಷದ ಸಿಂಥಸೈಜರ್, ಬೇಕಾದ ಸದ್ದು ಹುಟ್ಟಿಸುವ ಕೀಬೋರ್ಡ್... ಖುಷಿಗೆ ತಿಂಡಿಯೂ ಸೇರಲಿಲ್ಲ.

ಅತ್ತೆ, ಅಪ್ಪನ ಅಕ್ಕ, ನಾಟಕ ತಂಡದಲ್ಲಿ ಇದನ್ನು ನುಡಿಸಿದವರು. ಮಳೆ, ರೈಲು, ಗುಡುಗು — ಎಲ್ಲ ಇದರಲ್ಲೇ ಮಾಡಿಟ್ಟಿದ್ದಾರೆ. ಹದಿನೈದನೇ ತಾರೀಖು ಆ ಹಳೆಯ ನಾಟಕ ಮತ್ತೆ ರಂಗಕ್ಕೆ. ನಿರ್ದೇಶಕರು ಫೋನಿನಲ್ಲಿ, "ಆಗದಿದ್ರೆ ಬಿಡಿ ಅಕ್ಕಾ, ಲ್ಯಾಪ್‌ಟಾಪಲ್ಲಿ ಮಳೆ ಇದೆ" ಅಂದರಂತೆ.

"ಆ ಮಳೇಲಿ ಯಾರೂ ನೆನೆಯಲ್ಲಪ್ಪ" ಅಂದರಂತೆ ಅತ್ತೆ.

ಮಾರ್ಚ್ 4

ತಳ ಬಿಚ್ಚಿದೆ. ಬ್ಯಾಟರಿ ಸೋರಿ ಬೋರ್ಡಿನ ತಾಮ್ರದ ಗೆರೆಗಳೆಲ್ಲ ಹಸಿರುಗಟ್ಟಿವೆ. ತೆಗೆಯಲೇಬೇಕು. ಆದರೆ ಅತ್ತೆ ಮಾಡಿಟ್ಟ ಶಬ್ದಗಳು ಉಳಿದಿರುವುದೇ ಅದರ ಬಲದಿಂದ. ತೆಗೆದರೆ ಎಲ್ಲ ಅಳಿಸಿಹೋಗುತ್ತವೆ.

ಹೇಳಿದೆ. ಅತ್ತೆ ಬೋರ್ಡಿನತ್ತ ಬಗ್ಗಿದರು. "ಆ ಮಳೆಗೆ ಹನ್ನೊಂದು ದಿನ ಹಿಡೀತು ಕಣೆ. ಮತ್ತೆ ಮಾಡು ಅಂದ್ರೆ ಎಲ್ಲಿಂದ ತರಲಿ?"

ಬ್ಯಾಟರಿ ಮುಟ್ಟದೆ ತಳ ಮತ್ತೆ ಮುಚ್ಚಿದೆ.

ಮಾರ್ಚ್ 8, ಬೆಳಿಗ್ಗೆ

ಸಿಕ್ಕಿತು, ಸಿಕ್ಕೇ ಬಿಟ್ಟಿತು. ಹಿಂಬದಿಯಲ್ಲಿ ಧೂಳು ಮೆತ್ತಿದ ಸಣ್ಣ ತೂತು. ಉಜ್ಜಿದರೆ ‘ಟೇಪ್’ ಎಂಬ ಅಕ್ಷರ. ಯಂತ್ರದ ನೆನಪಿನಲ್ಲಿರುವುದನ್ನು ಕ್ಯಾಸೆಟ್ಟಿಗೆ ಇಳಿಸುವ ದಾರಿ. ಅಪ್ಪನ ಹಳೆಯ ರೆಕಾರ್ಡರ್ ಜೋಡಿಸಿದೆ. ಕಿರ್ರನೆ ಸದ್ದು, ಅರ್ಧ ನಿಮಿಷ.

"ಏನೇ ಅದು, ಇಲಿ ಸಿಕ್ಕಿಹಾಕ್ಕೊಂಡಿದ್ಯಾ?"

"ನಿಮ್ಮ ಮಳೆ ಅತ್ತೆ. ಗುಡುಗೂ ಇದರಲ್ಲೇ ಇದೆ."

"ಹೀಗಾ ಇರುತ್ತೆ ಒಳಗೆ?" ಕಿವಿ ಹತ್ತಿರ ತಂದು ಕೇಳಿದರು.

ಮೂರು ಸಲ ಇಳಿಸಿಕೊಂಡು ಬ್ಯಾಟರಿಯ ಕಾಲು ಕತ್ತರಿಸಿದೆ. ಅತ್ತೆ ಗೋಡೆ ನೋಡುತ್ತಿದ್ದರು.

ಮಾರ್ಚ್ 12

ಬರೆಯಲು ಪುರಸೊತ್ತಿಲ್ಲ. ವಿನಿಗರ್, ಬ್ರಷ್ಷು, ಸ್ಪಿರಿಟ್ಟು. ಕಡಿದುಹೋದ ಗೆರೆ ಹತ್ತೊಂಬತ್ತು. ಕೂದಲೆಳೆ ತಂತಿಯಿಂದ ಎಲ್ಲ ಬೆಸೆದೆ. ಹೊಸ ಬ್ಯಾಟರಿ ಹಾಕಿದೆ. ಆರನೇ ಬೋರ್ಡಿನ ಚಿಪ್ ಐದನೆಯದಕ್ಕೆ ಚುಚ್ಚಿದೆ — ಅಪಸ್ವರವೂ ಅಲ್ಲಿಗೇ ಹೋಯಿತು. ಕಳ್ಳ ಸಿಕ್ಕಿಬಿದ್ದ. ಅಂಥದ್ದೇ ಚಿಪ್ ಹಳೆ ರೇಡಿಯೋ ಅಂಗಡಿಯವರ ಬಿಸ್ಕತ್ತಿನ ಡಬ್ಬದ ತಳದಲ್ಲಿತ್ತು. ದಾರಿಯುದ್ದಕ್ಕೂ ಮುಷ್ಟಿ ಬಿಚ್ಚಲಿಲ್ಲ.

ಮಾರ್ಚ್ 13, ಸಂಜೆ 5.40

ಆರೂ ಸ್ವರ ಶುದ್ಧ. ಕ್ಯಾಸೆಟ್ ಹಾಕಿದೆ. ಎರರ್. ಮತ್ತೆ ಎರರ್. ಅತ್ತೆ ಕುರ್ಚಿಯ ತುದಿಯಲ್ಲಿ. ರೆಕಾರ್ಡರಿನ ವಾಲ್ಯೂಮ್ ಏರಿಸಿ ಮೂರನೇ ಸಲ... ಹಸಿರು ದೀಪ ಹತ್ತಿತು.

ಅತ್ತೆ ಒಂದು ಕೀ ಒತ್ತಿದರು. ಮೊದಲು ನಾಲ್ಕು ಹನಿ. ಆಮೇಲೆ ಧೋ ಎಂದು.

ಹಿಂದಿನ ಕೋಣೆಯಿಂದ ಅಪ್ಪ ದಡಬಡ ಮಾಳಿಗೆಗೆ ಓಡಿದರು. ಬಟ್ಟೆಯ ರಾಶಿ ಹೊತ್ತು ಬಂದು, "ಹೊರಗೆ ಬಿಸಿಲಿದೆಯಲ್ಲೇ" ಅಂದರು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುವಿನದೇ ನೀರೋ, ಕೇಳಲಿಲ್ಲ.

ಮಾರ್ಚ್ 15, ಮಧ್ಯಾಹ್ನ 3.50

ರಂಗದ ಪಕ್ಕ, ಪರದೆಯ ಮರೆ. ಹಾಲ್ ತುಂಬಿದೆ. ನನ್ನ ಮಡಿಲಲ್ಲಿ ಬೆಸುಗೆ ಕಡ್ಡಿ, ಎರಡು ಫ್ಯೂಸ್. ನಿರ್ದೇಶಕರು ಲ್ಯಾಪ್‌ಟಾಪ್ ಮುಚ್ಚಿಟ್ಟು ಅತ್ತೆಗೆ ಕೈಮುಗಿದು ಹೋದರು. ಅತ್ತೆಯ ಮುಖ ಬೆಳಗುತ್ತಿದೆ. ಮಳೆಯ ಗುಂಡಿಗಳನ್ನು ಅಷ್ಟಷ್ಟೇ ತಿರುಗಿಸುತ್ತಿದ್ದಾರೆ.

"ಯಾಕತ್ತೆ, ಸರಿಯಿತ್ತಲ್ಲ?"

"ಇವತ್ತು ಇನ್ನೂ ಜೋರು ಬರ್ಲಿ. ಎರಡು ಕೈಯೂ ಇದಕ್ಕೇ ಬೇಕು. ಗುಡುಗು ನೀನು ಮಾಡು."

ನಾನೇ? ಜನರೆದುರು? ಗಂಟೆ ಬಾರಿಸಿದರು. ಯಾವ ಕೀ ಎಂದು ಕೇಳೋಣವೆಂದರೆ ಪರದೆ ಆಗಲೇ ಮೇಲೆ—