ಆಂಪ್ಲಿಫೈಯರ್ ಹಾಡಿದಾಗ ಅಟ್ಟದ ಕಾಯಿ

ಬಿಳಿಗೆರೆ, ೧೯೮೪

ಅಪ್ಪಾ,

ಆಂಪ್ಲಿಫೈಯರ್ ಹಾಡಿತು. ನೀನು ಅರ್ಧಕ್ಕೆ ಬಿಟ್ಟು ಹೋದ ಬಿಡಿಭಾಗಗಳ ಕಿಟ್ಟನ್ನು ನಾನೇ ಕೂಡಿಸಿ ಮುಗಿಸಿದೆ. "ಕೈ ಸುಟ್ಕಂತೀಯ, ಬುಡು ಕಣವ್ವ" ಎಂದು ನೀನು ಕಿತ್ತುಕೊಳ್ಳುತ್ತಿದ್ದೆಯಲ್ಲ, ಆ ಸೋಲ್ಡರಿಂಗ್ ಐರನ್, ಈಗ ಕಿತ್ತುಕೊಳ್ಳಲು ನೀನು ಬದುಕಿಲ್ಲದಿದ್ದರೂ ಅದನ್ನು ನಾನು ಮುಟ್ಟಲಿಲ್ಲ. ಕರಟದ ಕೆಂಡದಲ್ಲಿ ಕಾಯಿಸಿ ಕೊಡಪಾನದ ತೂತು ಮುಚ್ಚುವ ದಪ್ಪ ಮೂತಿ ಅದು. ಅಷ್ಟು ಕಾವು ಟ್ರಾನ್ಸಿಸ್ಟರ್ ತಡೆಯುತ್ತದೆಯೇ? ನಿನ್ನ ಕೈಯಲ್ಲಿ ಸುಟ್ಟುಹೋದವುಗಳನ್ನು ನಾನು ಕಿತ್ತು ಹೊಸದು ಹಾಕಿದೆ. ತಿಪಟೂರಿಗೆ ಹೋಗಿ, ಪೆನ್ಸಿಲ್ಲಿನಂಥ ಸಣ್ಣ ಮೂತಿಯ ಕರೆಂಟಿನ ಐರನ್ ನಾನೇ ಆರಿಸಿ ತಂದೆ. ನನ್ನ ಬೆಸುಗೆ ಒಂದೊಂದೂ ಸಾಸಿವೆ ಕಾಳಿನಷ್ಟೇ, ಮಿರಮಿರ ಹೊಳೆಯುತ್ತದೆ.

ಇವತ್ತು ಬೆಳಿಗ್ಗೆ ನಡುಮನೆಯಲ್ಲಿ ಸ್ಪೀಕರ್ ಇಟ್ಟು, ರೇಡಿಯೋ ಸೇರಿಸಿ ಗುಂಡಿ ತಿರುಗಿಸಿದೆ. ಹಾಡಿನೊಳಗಿನ ಡೋಲಿನ ಹೊಡೆತಕ್ಕೆ ಅಟ್ಟದ ಹಲಗೆಗಳು ಅದುರಿ, ಒಣಗಿದ ಕಾಯಿಗಳೊಳಗೆ ಕೊಬ್ಬರಿ ಗಡಗಡ ಎಂದಿತು. ಅವ್ವ ಮೊರ ಕೆಳಗಿಟ್ಟು ಮೇಲೆ ನೋಡಿದಳು.

"ನಿಮ್ಮಪ್ಪ ಅಟ್ಟ ಹತ್ತಿ, ಕೊಬ್ಬರಿ ಆಯ್ತಾ ಅಂತ ಕಾಯಿ ಅಲ್ಲಾಡಿಸಿ ನೋಡ್ದಂಗೇ ಐತೆ ಕಣೇ."

ನಿಲ್ಲಿಸಲಾ ಎಂದು ಕೇಳಿದೆ.

"ಬ್ಯಾಡ. ಇನ್ನೂ ಜೋರು ಮಾಡು."

ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ, ಅಪ್ಪಾ.

ನಾಗಿ