ಗೊತ್ತಿಲ್ಲ ಎನ್ನಲು ಗ್ರೀಕ್ ಯಾಕೆ?

ಆರೋಗ್ಯ ಇಲಾಖೆಯ ಮಾನ್ಯ ಅಧಿಕಾರಿಗಳೇ,

ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಗ್ರೀಕ್ ಭಾಷೆ ಬಲ್ಲವನು ನಾನೊಬ್ಬನೇ. ಹಿರೇಹಡಗಲಿಯ ಶಾಲೆಯಲ್ಲಿ ಏಳನೇ ಇಯತ್ತೆಗೇ ಅದನ್ನು ಅರೆದು ಕುಡಿದು, ಇನ್ನು ಕಲಿಯಲು ಏನೂ ಉಳಿದಿಲ್ಲವೆಂದು ಶಾಲೆ ಬಿಟ್ಟವನು. ಆ ಅಧಿಕಾರದಿಂದಲೇ ಹೇಳುತ್ತೇನೆ: ನಿಮ್ಮ ಡಾಕ್ಟರುಗಳು ಚೀಟಿಯ ಮೇಲೆ ಬರೆಯುವ ಶಬ್ದಗಳನ್ನು ನೋಡಿ ನನಗೆ ಹೇಸಿಗೆ ಬಂದಿದೆ.

ನನ್ನ ತಂಗಿ ಹುಲುಗಮ್ಮನ ಮಗಳು ಶೃತಿ ಹಗರಿಬೊಮ್ಮನಹಳ್ಳಿಯಲ್ಲಿ ಡಿಗ್ರಿ ಓದುತ್ತಾಳೆ. ಈ ಬೇಸಿಗೆಯಲ್ಲಿ ಎರಡು ಸಲ ಕೈಕಾಲು ಸೆಟೆದು ಬಿದ್ದಳು. ನಿಮ್ಮ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. "ಹುಡುಗಿಗಿ ಏನೋ ಹಿಡದೈತ್ರಿ ಸಾಹೇಬ್ರ" ಎಂದಳು ಹುಲುಗಮ್ಮ. "ಹಿಡಿಯೋದು, ಬಿಡೋದು! ಇನ್ನೂ ಯಾವ ಕಾಲದಲ್ಲಿದ್ದೀರಮ್ಮ?" ಎಂದು ಡಾಕ್ಟರು ನಕ್ಕರು. ಬಾಗಿಲ ಬಳಿ ನಿಂತಿದ್ದ ಜನವೂ ನಕ್ಕಿತು. ಆಮೇಲೆ 'ಇಡಿಯೋಪಥಿಕ್ ಎಪಿಲೆಪ್ಸಿ' ಎಂದು ಗೀಚಿ, ಗುಳಿಗೆ ಬರೆದು, ಮುಂದಿನವರನ್ನು ಕರೆದರು. ಎರಡನೆಯ ಶಬ್ದ ಮೂರ್ಛೆರೋಗವೆಂದು ಔಷಧದ ಅಂಗಡಿಯಲ್ಲಿ ತಿಳಿಯಿತು. ಮೊದಲನೆಯದು?

ನಮ್ಮದು ಕುರಿ ಸಾಕುವ ಮನೆತನ. ಏನೆಂದು ತಿಳಿಯದ ರೋಗ ಬಂದ ಕುರಿಯನ್ನು ಮೊದಲು ಹಿಂಡಿನಿಂದ ಬೇರೆ ಮಾಡುತ್ತೇವೆ. ಹುಲುಗಮ್ಮ ಮಗಳಿಗೂ ಅದನ್ನೇ ಮಾಡಿದಳು. ಉಣ್ಣಲು ಬೇರೆ ಗಂಗಾಳ, ಕುಡಿಯಲು ಬೇರೆ ಚೊಂಬು, ಕುರಿಹಟ್ಟಿಯ ಮಗ್ಗುಲಿನ ಕೋಣೆ. ಕಾಲೇಜು ಬಂದ್. ನಾನು ಆ ಮೊದಲ ಶಬ್ದಕ್ಕೆ ಮದ್ದು ಹುಡುಕುತ್ತ ಖಾಸಗಿ ದವಾಖಾನೆಗಳನ್ನು ಸುತ್ತಿದೆ. ಎಲ್ಲ ಕಡೆ ಹೊಸ ಸ್ಕ್ಯಾನು, ಹಳೆಯದೇ ಶಬ್ದ. ಅರ್ಥ ಅವರಾಗಿ ಹೇಳಲಿಲ್ಲ. ಗ್ರೀಕ್ ಬಲ್ಲವನು ಬಾಯಿಬಿಟ್ಟು ಕೇಳುವುದು ಹೇಗೆ? ಲಕ್ಷಗಟ್ಟಲೆ ಹೋಯಿತು.

ಕಡೆಗೆ ಶೃತಿಯೇ ಫೋನು ಹಿಡಿದು ಕೋಣೆಯ ಕಿಟಕಿಗೆ ಬಂದಳು. "ಮಾವ, ಇಡಿಯೋಸ್ ಅಂದ್ರ ತನ್ನದು, ಪಾಥೋಸ್ ಅಂದ್ರ ನೋವು. ತಾನಾಗೇ ಬಂದದ್ದು ಅಂತ. ಯಾಕ ಬಂತೋ ಅವರಿಗೂ ಗೊತ್ತಿಲ್ಲ."

"ನನಗ ಮೊದಲ ಗೊತ್ತಿತ್ತು ಬಿಡು."

"ಗೊತ್ತಿದ್ರ ನನ್ನ ಯಾಕ ಕುರಿ ಮಗ್ಗುಲಾಗ ಮಲಗಿಸೀರಿ? ಇದು ಅಂಟೋದಲ್ಲ. ಎಪಿಲೆಪ್ಸಿ ಅಂದ್ರ ಏನು, ಹೇಳ್ರಿ ಪಂಡಿತ್ರ."

ನಾನು ಕೆಮ್ಮಿದೆ.

"ಮ್ಯಾಲೆ ಬಿದ್ದು ಹಿಡಿಯೋದು. ಅವ್ವ ಅಂದದ್ದೂ ಅದ."

ಸ್ವಾಮಿ, ನನ್ನ ತಂಗಿ ಕನ್ನಡದಲ್ಲಿ ಹೇಳಿದರೆ ಮೌಢ್ಯ, ಅದನ್ನೇ ನಿಮ್ಮವರು ಗ್ರೀಕಿನಲ್ಲಿ ಬರೆದರೆ ವಿಜ್ಞಾನವೋ? ಕಾರಣ ಗೊತ್ತಿಲ್ಲದಿರುವುದು ತಪ್ಪಲ್ಲ, ಮಳೆ ಯಾಕೆ ತಪ್ಪಿತೆಂದು ನಮಗೂ ಗೊತ್ತಿರುವುದಿಲ್ಲ. ಆದರೆ ಗೊತ್ತಿಲ್ಲ ಎಂಬುದಕ್ಕೆ ಬಿಳಿಕೋಟು ತೊಡಿಸಿ ನಮ್ಮನ್ನು ಹೆದರಿಸುವುದು ಯಾವ ಸೀಮೆಯ ವೈದ್ಯ? ಗುಳಿಗೆ ನುಂಗಲು ಹಿಡಿದ ಮೇಲೆ ಹುಡುಗಿ ಒಮ್ಮೆಯೂ ಬಿದ್ದಿಲ್ಲ. ಔಷಧ ಸರಿಯಾಗಿಯೇ ಇತ್ತು, ಅದರ ಜೊತೆ ಎರಡು ಮಾತು ಕೊಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಆದ್ದರಿಂದ ಚೀಟಿಯ ಪ್ರತಿ ಶಬ್ದದ ಕೆಳಗೆ ಕನ್ನಡದಲ್ಲಿ ಅರ್ಥ ಬರೆಸಿರಿ, ಅಂಟುತ್ತದೋ ಇಲ್ಲವೋ ಅದನ್ನೂ ಬರೆಸಿರಿ. ಅದಕ್ಕಿಂತ ಮೊದಲು ಆ ಡಾಕ್ಟರನ್ನು ನಮ್ಮ ಮನೆಗೆ ಕಳಿಸಿರಿ. ಹುಲುಗಮ್ಮನ ಎದುರು ನಿಂತು, ಇದು ಅಂಟುವುದಿಲ್ಲ ಎಂದು ಅವರೇ ಹೇಳಲಿ. ಶೃತಿ ಫೋನಿನಲ್ಲಿ ತೋರಿಸಿದ್ದು ಅವಳಿಗೆ ಸುಳ್ಳಂತೆ. ನಾನು ಹೇಳಿದರೆ, "ಯಣ್ಣ, ನೀನು ಹುಟ್ಟಿದಾಗಿನಿಂದ ಒಂದಾರ ಖರೆ ಮಾತಾಡೀಯೇನು?" ಎನ್ನುತ್ತಾಳೆ. ಗಂಗಾಳ ಇನ್ನೂ ಬೇರೆಯೇ ಇದೆ.

ಇಂತಿ,
ತಂಗಿಯೇ ನಂಬದ ಅಣ್ಣ,
ಗಾದೆಪ್ಪ

ನೀವಾದರೂ ನಂಬಲೆಂದು ಇದೊಂದನ್ನು ತಿದ್ದುತ್ತೇನೆ: ಲಕ್ಷಗಟ್ಟಲೆ ಅಲ್ಲ, ಹೋದದ್ದು ಒಂಬತ್ತು ಸಾವಿರದ ಆರುನೂರು. ಅದೂ ಹುಲುಗಮ್ಮ ಟಗರು ಮಾರಿ ಕೊಟ್ಟದ್ದು.