ತಡೆಯಬಹುದಾದ ನೋವು

ನವೆಂಬರ್ ೧೪, ಗುರುವಾರ, ರಾತ್ರಿ.

ಕೆಳಬೆನ್ನಿನ ಮೂಳೆಯೊಂದು ಕುಸಿದಿರುವುದು ಇಂದು ಎಕ್ಸ್-ರೇಯಲ್ಲಿ ಖಚಿತವಾಯಿತು. ತುಂಬಿದ ಬಕೆಟ್ಟನ್ನು ಎತ್ತಿದ್ದೇ ಕಾರಣವಂತೆ. ಸೊಂಟಕ್ಕೆ ಗಟ್ಟಿ ಬೆಲ್ಟು ಬಿಗಿದು, ಮಾತ್ರೆ ನುಂಗುತ್ತ, ಮೂಳೆ ತಾನಾಗಿ ಕೂಡುವವರೆಗೆ ತಿಂಗಳುಗಟ್ಟಲೆ ಕಾಯುವುದು ಒಂದು ದಾರಿ. ನೋವು ತಡೆಯಲಾಗದಿದ್ದರೆ ಸೂಜಿಯಿಂದ ಮೂಳೆಯೊಳಗೆ ಸಿಮೆಂಟ್ ತುಂಬುವುದು ಇನ್ನೊಂದು.

"ಹೇಗಿದೆ ನೋವು, ಯಜಮಾನ್ರೇ? ತಡೆಯೋಕಾಗುತ್ತಾ?" ಎಂದು ವೈದ್ಯರು ಕೇಳಿದರು.

ಸರ್ಕಾರಿ ಕಚೇರಿಯ ಮೆಟ್ಟಿಲ ಬಳಿ ಕುಳಿತು ಜೀವಮಾನವಿಡೀ ಪರರಿಗೆ ಅರ್ಜಿಗಳನ್ನು ಬರೆದುಕೊಟ್ಟವನು ನಾನು. ಮೊಣಕಾಲು ತರಚಿದವನ ಪರವಾಗಿಯೂ 'ಅಸಹನೀಯ ಯಾತನೆಗೆ ಗುರಿಯಾಗಿ' ಎಂದು ಬರೆದ ಕೈಯಿದು. ಆದರೆ ಸೊಸೆ ಪಕ್ಕದಲ್ಲೇ ನಿಂತಿದ್ದಳು.

"ಅಂಥದ್ದೇನಿಲ್ಲ, ತಡ್ಕೋತೀನಿ" ಎಂದೆ.

"ಹಾಗಾದ್ರೆ ಸದ್ಯಕ್ಕೆ ಬೆಲ್ಟು ಸಾಕು."

ಹೊರಗೆ ಬಂದೊಡನೆ ಸೊಸೆ ಸಿಡುಕಿದಳು. "ರಾತ್ರಿಯೆಲ್ಲ ನರಳೋದು ಪಕ್ಕದ ಕೋಣೆಗೆ ಕೇಳಲ್ಲ ಅಂದ್ಕೊಂಡ್ರಾ ಮಾವ? ಡಾಕ್ಟ್ರ ಮುಂದೆ ಮಾತ್ರ ದೊಡ್ಡ ಪೈಲ್ವಾನ್ರು!"



ಈಗ ಬಚ್ಚಲಿಗೆ ಹೋಗಬೇಕಾಗಿದೆ. ಎದ್ದು ಕೂರಲು ಮಾಡಿದ ಪ್ರಯತ್ನಗಳೆಲ್ಲ ನಿಷ್ಫಲವಾಗಿವೆ. ಕರೆದರೆ ಬರುತ್ತಾಳೆ, ಎತ್ತಿ ಕೂರಿಸುತ್ತಾಳೆ, ಪಂಚೆಯನ್ನೂ ಸರಿಪಡಿಸುತ್ತಾಳೆ. ಅದನ್ನು ನೆನೆದೇ ಕರೆಯದೆ ಮಲಗಿದ್ದೇನೆ. ಬೆಳಗಾಗುತ್ತಲೇ ವೈದ್ಯರಲ್ಲಿ ಹೀಗೆ ಅರಿಕೆ ಮಾಡಿಕೊಳ್ಳತಕ್ಕದ್ದು: ಮಾನ್ಯರೇ, ನೋವನ್ನು ತಡೆಯಬಲ್ಲೆನೆಂದು ನಿನ್ನೆ ತಮ್ಮಲ್ಲಿ ನಿವೇದಿಸಿಕೊಂಡದ್ದು ಸತ್ಯಕ್ಕೆ ದೂರವಾದದ್ದೆಂದೂ, ದಯವಿಟ್ಟು ಆ ಸಿಮೆಂಟನ್ನು

ಹಾಸಿಗೆ ಒದ್ದೆಯಾಯಿತು. ಇನ್ನು ಅವಳನ್ನು ಕರೆಯದೆ ಗತ್ಯಂತರವಿಲ್ಲ.